ಸೀಸೆಯ ಕೊರಳಿನ ನೀಲಿ ದಾರ

ಮನೆ, ಹಿಂದಿನ ಕೋಣೆ
ಮಂಗಳವಾರ, ಮಧ್ಯಾಹ್ನ

ನಮ್ಮ ಮನೆಯ ಸೊಸೆಗೆ, ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ತಾಯಿಯ ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಸುತ್ತದೆಂದು ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಾರೆ ಎಂದು ಬರೆದಿದ್ದೆ. ಕೂಡದು ಎನ್ನು. ಒಳಗೆ ಗಾಯವಾದರೆ ಕಣ್ಣಿಗೆ ಕಾಣುವುದಿಲ್ಲ, ಕೀವಾದ ಮೇಲೆಯೇ ಗೊತ್ತಾಗುವುದು. ನಾನು ಹೇಳಿದೆನೆಂದೇ ಹೇಳು. ಬೀಗಿತ್ತಿಯ ಮಾತೆಂದರೆ ಅವರಿಗೆ ಮೊದಲಿನಿಂದಲೂ ಸ್ವಲ್ಪ ಅಂಜಿಕೆ, ಈ ಸಲ ಅದು ಕೆಲಸಕ್ಕೆ ಬರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಮಲಗಿದವರನ್ನು ನೋಡಿಕೊಳ್ಳುವವರು ಮೊದಲು ತಾವು ಗಟ್ಟಿಯಾಗಿರಬೇಕು.

ಈಗ ಮನೆಯ ಸುದ್ದಿ. ನಿನ್ನ ಮಗನಿಗೆ, ನಮ್ಮ ಬುಗುರಿಗೆ, ನಿನ್ನೆಯಿಂದ ಹೊಟ್ಟೆ ಕೆಟ್ಟಿದೆ. ಗಾಬರಿಯಾಗುವಂಥದ್ದು ಏನೂ ಇಲ್ಲ ಎಂದು ಮೊದಲೇ ಬರೆದುಬಿಡುತ್ತೇನೆ. ನಿನ್ನ ಗಂಡ ನಿನ್ನೆಯೇ ಫೋನ್ ಮಾಡಲು ಹೊರಟಿದ್ದ, ನಾನೇ ತಡೆದೆ. ಅವನು ಕಡ್ಡಿಯನ್ನು ಗುಡ್ಡ ಮಾಡುವವನು. ಅವನ ದನಿ ಕೇಳಿಯೇ ನೀನು ಅರ್ಧ ಸತ್ತುಹೋಗುತ್ತಿದ್ದೆ. ನಾನೇ ಸಾವಧಾನವಾಗಿ ಬರೆಯುತ್ತೇನೆ ಎಂದೆ. ಅವನು ಕೆಲಸಕ್ಕೆ ಹೋಗಿದ್ದಾನೆ. ಕಾರ್ಖಾನೆಯಲ್ಲಿ ಲೇತ್ ತಿರುಗಿಸುತ್ತಿದ್ದರೆ ಅವನ ತಲೆಯೂ ನೆಟ್ಟಗಿರುತ್ತದೆ.

ಆಗಿದ್ದಿಷ್ಟು. ಸೋಮವಾರ ಬೆಳಿಗ್ಗೆ ಎಂದಿನಂತೆ ಬುಗುರಿಗೆ ಸಕ್ಕರೆ ಪುಡಿ ಹಾಕಿ ಹಾಲಿನ ಗಂಜಿ ಮಾಡಿದೆ. ಗಂಜಿ ಯಾಕೋ ಗಂಟುಗಂಟಾಗಿತ್ತು. ನನ್ನ ಕೈಯ ಗಂಜಿ ಯಾವತ್ತೂ ಗಂಟು ಕಟ್ಟುವುದಿಲ್ಲ, ನಿನಗೆ ಗೊತ್ತು. ಎರಡು ಚಮಚ ತಿನ್ನುವುದರೊಳಗೆ ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. “ಅಜ್ಜಿ, ನಾಲಿಗೆ ಒಂಥರಾ ಆಗ್ತಿದೆ” ಎಂದ. “ನಾಟಕ ಬೇಡ, ನುಂಗು” ಎಂದೆ. ಬಟ್ಟಲು ಖಾಲಿಯಾಗುವವರೆಗೆ ಎದುರಿಗೇ ಕೂತೆ. ನೀನು ಇಲ್ಲದಾಗ ಅವನು ಊಟದಲ್ಲಿ ಚೌಕಾಶಿ ಕಲಿತರೆ ಬಂದ ಮೇಲೆ ನೀನೇ ನನ್ನನ್ನು ಕೇಳುತ್ತೀಯ. ಸ್ವಲ್ಪ ಹೊತ್ತಿಗೆಲ್ಲ ವಾಂತಿ ಶುರುವಾಯಿತು. ಪಾತ್ರೆಯಲ್ಲಿ ಉಳಿದದ್ದನ್ನು ನೋಡಿದರೆ ಹಾಲು ಒಡೆದು ಚೂರುಚೂರಾಗಿತ್ತು.

ಬೀದಿ ಮುಗಿಸಿ ಮರಳುತ್ತಿದ್ದ ಹಾಲಿನವಳನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. “ಅಮ್ಮಾ, ಇದೇ ಕ್ಯಾನಿನ ಹಾಲು ಇಡೀ ಬೀದಿಗೆ ಹಾಕಿದೀನಿ, ಯಾರ ಮನೇಲೂ ಒಡೆದಿಲ್ಲ” ಎಂದು ಎದುರು ಮಾತಾಡಿದಳು. “ಬೀದಿಯವರಿಗೆ ಹೊಟ್ಟೆಯೂ ಕಲ್ಲು, ನಾಲಿಗೆಯೂ ಕಲ್ಲು. ನಾಳೆಯಿಂದ ಈ ಮೆಟ್ಟಿಲು ಹತ್ತಬೇಡ” ಎಂದೆ. ಅವಳು ಅಳುತ್ತಾ ಹೋದಳು. ಅತ್ತರೇನು, ಒಡೆದ ಹಾಲು ಕೂಡುತ್ತದೆಯೇ?

ಮೂಲೆಯ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಈಗಿರುವ ಡಾಕ್ಟರಿಗೆ ಮೀಸೆ ಇನ್ನೂ ಯೋಚನೆ ಮಾಡುತ್ತಾ ಬರುತ್ತಿದೆ. ಆದರೂ ಹೊಟ್ಟೆ ಒತ್ತಿ ನೋಡಿ, ಕೆಟ್ಟ ಹಾಲಿನಿಂದಲೇ ಇರಬಹುದು, ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಚಮಚ ಚಮಚವಾಗಿ ಕೊಡುತ್ತಿರಿ ಎಂದ. ಆಗಿನಿಂದ ನಾನು ಮಗುವಿನ ಪಕ್ಕ ಬಿಟ್ಟು ಎದ್ದಿಲ್ಲ. ಉಳಿದವರ ಕೈಗೆ ಚಮಚವನ್ನೂ ಕೊಟ್ಟಿಲ್ಲ. ಅವನಿಗೆಂದೇ ಪುಡಿ ಮಾಡಿಟ್ಟ ಸಕ್ಕರೆಯನ್ನು ಕದಡಿ, ಬೆಚ್ಚಗೆ ಮಾಡಿ ಕುಡಿಸುತ್ತಿದ್ದೇನೆ. ಬಾಯಿ ಬಿಗಿ ಹಿಡಿಯುತ್ತಾನೆ. ಕೆನ್ನೆ ಒತ್ತಿ ತೆರೆಸುತ್ತೇನೆ. ಕುಡಿದಷ್ಟೂ ಹೊರಗೆ ಹೋಗುತ್ತದೆ. ನಿಲ್ಲುತ್ತಲೇ ಇಲ್ಲ. ಇಡೀ ದಿನ ಗಿರಗಿರನೆ ತಿರುಗುವ ಹುಡುಗ ಗೋಡೆಗೆ ಮುಖ ಮಾಡಿ ಸುಮ್ಮನೆ ಬಿದ್ದುಕೊಂಡಿದ್ದಾನೆ. ನನಗೆ ಹೆದರಿಕೆಯಿಲ್ಲ. ನಿನ್ನ ಗಂಡನಿಗೂ ಇದೇ ವಯಸ್ಸಿನಲ್ಲಿ ಹೀಗೆಯೇ ಆಗಿತ್ತು. ಈಗೊಮ್ಮೆ ಬಗ್ಗಿ ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರು ಬೆಚ್ಚಗಿದೆ.

ಬೇರೆ ಸುದ್ದಿ ಬರೆಯುತ್ತೇನೆ. ಉಣ್ಣೆ ಅಂಗಡಿಯವಳು ಕೆಂಪು ನೂಲು ಕೇಳಿ ಕಳಿಸಿದ್ದಾಳೆ. ಭಾನುವಾರ ಸಂಜೆ ಲಡಿಗಳನ್ನು ಸುತ್ತಿ, ಸಿಕ್ಕಾಗದಂತೆ ಅಲ್ಲಲ್ಲಿ ಕಟ್ಟು ಹಾಕಿ, ಬಣ್ಣ ಹಿಡಿಯಲೆಂದು ಪಟಿಕದ ನೀರಿನಲ್ಲಿ ನೆನೆಹಾಕಿದೆ. ನಿನ್ನೆ ಬೆಳಿಗ್ಗೆ ಮಗುವಿನ ವಾಂತಿ ಶುರುವಾಗುವ ಮೊದಲೇ ಮಂಜಿಷ್ಠದ ಬೇರು ಕುದಿಸಿ ಅದರಲ್ಲಿ ಮುಳುಗಿಸಿದ್ದೆ. ಆಮೇಲೆ ಅದರ ಕಡೆಗೆ ತಿರುಗಿಯೂ ನೋಡಿಲ್ಲ. ಹಿಂದಿನ ಕೋಣೆಗೆ ಇರುವೆ ಬೇರೆ ಬಂದಿದೆ. ನೆನೆಹಾಕಿದ್ದ ಪಾತ್ರೆಯ ಸುತ್ತ ಕಪ್ಪು ಸಾಲು. ಬುಗುರಿ ಅಲ್ಲಿ ಏನೋ ತಿಂಡಿ ಚೆಲ್ಲಿರಬೇಕು.

ಹೋಗುವಾಗ ನೀನು ಮಾಡಿದ ಒಂದು ಕೆಲಸ ನನಗೆ ಇನ್ನೂ ಮನಸ್ಸಿನಲ್ಲಿದೆ, ಅದನ್ನೂ ಹೇಳಿಬಿಡುತ್ತೇನೆ. ಸಕ್ಕರೆ ಪುಡಿಯ ಸೀಸೆ, ಪಟಿಕದ ಪುಡಿಯ ಸೀಸೆ ಎರಡೂ ಒಂದೇ ಥರ ಇವೆ, ಬಣ್ಣದ ಸಾಮಾನು ಅಡುಗೆಮನೆಯಲ್ಲಿ ಬೇಡ, ಹೊರಗಿನ ಶೆಡ್ಡಿನಲ್ಲಿಡಿ ಎಂದು ನೀನು ಹೇಳಿದೆ. ನಾನು ಕೇಳಲಿಲ್ಲ. ಒಲೆ ಎಲ್ಲಿದೆಯೋ ನನ್ನ ಬಣ್ಣವೂ ಅಲ್ಲಿಯೇ. ನೀನು ಹುಟ್ಟುವ ಮೊದಲಿನಿಂದ ಉಣ್ಣೆಗೆ ಬಣ್ಣ ಹಾಕುತ್ತಿದ್ದೇನೆ, ಯಾವ ಪುಡಿ ಯಾವುದೆಂದು ನನಗೆ ಕಲಿಸುವವರು ಹುಟ್ಟಬೇಕಷ್ಟೆ ಎಂದೆ. ನೀನು ಪಟಿಕದ ಸೀಸೆಯ ಕೊರಳಿಗೆ ಒಂದು ನೀಲಿ ಉಣ್ಣೆ ದಾರ ಕಟ್ಟಿ ಬಸ್ಸು ಹತ್ತಿದೆ. ದನಕ್ಕೆ ಗುರುತು ಕಟ್ಟಿದ ಹಾಗೆ. ಇರಲಿ.

ಮಗು ಮಂಪರಿನಲ್ಲಿದ್ದಾನೆ. ಅಷ್ಟರಲ್ಲಿ ನೂಲನ್ನು ಜಾಲಿಸಿ ಬರುತ್ತೇನೆ.

ಬಂದೆ. ಬಣ್ಣ ನಿಲ್ಲುತ್ತಿಲ್ಲ. ಒಂದು ನೀರು, ಇನ್ನೊಂದು ನೀರು, ಮತ್ತೊಂದು ನೀರು, ತೊಳೆದಷ್ಟೂ ಕೆಂಪು ಹರಿದುಹೋಗುತ್ತಿದೆ. ಕೈಯಲ್ಲಿ ಉಳಿದಿರುವುದು ಒಣಗಿದ ಮಣ್ಣಿನಂಥ ಮಾಸಲು ಬಣ್ಣ. ನಾನು ಹಾಕಿದ ಕೆಂಪು ಹೀಗೆ ಕೈಕೊಟ್ಟದ್ದಿಲ್ಲ. ಬೇರು ಹಳೆಯದಿರಬಹುದು ಎಂದುಕೊಂಡೆ. ಆದರೆ ಬೇರು ಹಳತಾದರೆ ಬಣ್ಣ ತೆಳುವಾಗುತ್ತದೆ, ಹೀಗೆ ಬಿಟ್ಟು ಓಡುವುದಿಲ್ಲ. ಉಣ್ಣೆಗೂ ಬಣ್ಣಕ್ಕೂ ನಡುವೆ ಕೈ ಹಿಡಿಸುವುದು ಪಟಿಕ. ಪಟಿಕ ಸರಿಯಾಗಿ ಬಿದ್ದಿದ್ದರೆ ಈ ನೀರು ಇಷ್ಟು ಹೊತ್ತಿಗೆ ತಿಳಿಯಾಗಬೇಕಿತ್ತು. ನಾನು ಹಾಕಿದ್ದೇನೆ. ಮುಷ್ಟಿ ಅಳತೆಯಲ್ಲಿ, ಭಾನುವಾರ ಸಂಜೆ, ಈ ಕೈಯಿಂದಲೇ ಹಾಕಿದ್ದೇನೆ.

ಲಡಿಯನ್ನು ಬೋಗುಣಿಯಲ್ಲಿ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಇದಕ್ಕೆ ನಾಲ್ಕು ಕಡೆ ಕಟ್ಟು ಹಾಕಿದ್ದೇನೆ. ಮೂರು ಕಟ್ಟು ಬಿಳಿ ಹತ್ತಿ ದಾರದ್ದು. ನಾಲ್ಕನೆಯದು ಉಣ್ಣೆ. ಕೆಂಪು ನೀರಿನಲ್ಲಿ ಮುಳುಗೆದ್ದರೂ ನೀಲಿ ನೀಲಿಯಾಗಿಯೇ ಇದೆ.

ನೀಲಿ ದಾರವನ್ನು ನಾನು ಎಲ್ಲಿಂದ ತಂದೆ?

ಕೊನೆಯ ಕಟ್ಟಿಗೆ ದಾರ ಸಾಲದೆ ಹೋಗಿತ್ತು. ಅಡುಗೆಮನೆಯಲ್ಲಿ ಕೂತು ಕಟ್ಟುತ್ತಿದ್ದೆ, ಪಟಿಕದ ಸೀಸೆ ಪಕ್ಕದಲ್ಲೇ ಇತ್ತು. ನಮಗೆ ಬಣ್ಣದವರಿಗೆ ಕೈಗೆ ಸಿಕ್ಕಿದ ತುಂಡು ದಾರವೆಲ್ಲ ಕಟ್ಟಿಗೇ. ಬಿಚ್ಚಿ ಕಟ್ಟಿಬಿಟ್ಟೆ. ಯೋಚನೆ ಕೂಡ ಮಾಡಲಿಲ್ಲ. ಅಷ್ಟರಲ್ಲಿ ಬುಗುರಿ ಅಂಗಳದಲ್ಲಿ ಬಿದ್ದು ಕೂಗಿಕೊಂಡ. ಸೀಸೆಯನ್ನು ಸಕ್ಕರೆಯ ಸೀಸೆಯ ಪಕ್ಕ ಇಟ್ಟು ಓಡಿದೆ. ಮಂಡಿ ತೊಳೆದು ಬಂದು, ಒಂದನ್ನು ಎತ್ತಿಕೊಂಡು ಹೋಗಿ ಲಡಿ ನೆನೆಸುವ ನೀರಿಗೆ ಸುರಿದೆ. ಇನ್ನೊಂದನ್ನು ಒಲೆಯ ಪಕ್ಕದ ಹಲಗೆಯ ಮೇಲಿಟ್ಟೆ, ಮಗುವಿನ ಸಾಮಾನು ಇಡುವಲ್ಲಿ.

ಪಟಿಕದ ನೀರಿಗೆ ಇರುವೆ ಬರುವುದಿಲ್ಲ. ಪಟಿಕ ಬಿದ್ದರೆ ಹಾಲು ಒಡೆಯುತ್ತದೆ.

ಮಗುವಿನ ಲೋಟಕ್ಕೆ ದೊಡ್ಡವರು ಬಾಯಿ ಇಡಬಾರದೆಂಬುದು ಈ ಮನೆಯಲ್ಲಿ ನಾನೇ ಮಾಡಿದ ಕಟ್ಟಳೆ. ಈಗ ಹಾಸಿಗೆಯ ಪಕ್ಕದ ಲೋಟದಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಒಗರು. ನಾಲಿಗೆ ಮುದುಡಿ ಅಂಗುಳಕ್ಕೆ ಅಂಟಿಕೊಂಡಿತು. ಕ್ಷೌರದವರು ಗಾಯಕ್ಕೆ ಉಜ್ಜುವ ಕಲ್ಲನ್ನೇ ಬಾಯಲ್ಲಿಟ್ಟುಕೊಂಡಂತೆ. ನಿನ್ನೆಯಿಂದ ಇದನ್ನೇ ಕೊಡುತ್ತಿದ್ದೇನೆ. ವಾಂತಿಯಾದಾಗಲೆಲ್ಲ ಇನ್ನೊಂದು ಚಮಚ. ಕೆನ್ನೆ ಒತ್ತಿ.

ಹೋಗುತ್ತೇನೆ. ಮಗುವನ್ನು ಎತ್ತಿಕೊಂಡು ಹೋಗುತ್ತೇನೆ. ಸೀಸೆಯನ್ನೂ ತೆಗೆದುಕೊಳ್ಳಬೇಕು.

ಬುಧವಾರ, ಮಧ್ಯಾಹ್ನ

ಮಗು ಬದುಕಿದ್ದಾನೆ. ಇದನ್ನು ಮೊದಲು ಓದು, ಆಮೇಲೆ ಉಳಿದದ್ದು.

ಚಪ್ಪಲಿ ಹಾಕಿಕೊಳ್ಳುವುದಕ್ಕೂ ನೆನಪಾಗಲಿಲ್ಲ. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಸೀಸೆ. ಬೀದಿಯಲ್ಲಿ ಯಾರೋ “ಏನಾಯ್ತಮ್ಮಾ” ಎಂದು ಕೇಳಿದರು. ನಿಲ್ಲದೆ ಓಡಿದೆ. ಡಾಕ್ಟರು ಪುಡಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿ ಉಗಿದ. “ಇದನ್ನ ಯಾರು ಕೊಟ್ಟಿದ್ದು?” ಎಂದ. ಮನೆಯಲ್ಲಿ ಏನು ತಪ್ಪಾದರೂ ಯಾರು ಮಾಡಿದ್ದು ಎಂದು ಕೇಳುವವಳು ನಾನು. ಉತ್ತರ ಹೇಳುವ ಅಭ್ಯಾಸವೇ ಇರಲಿಲ್ಲ. “ನಾನು” ಎಂದೆ. “ಬೇರೆ ಏನಾದ್ರೂ ಸೇರಿದೆಯಾ? ನಿಜ ಹೇಳಿ” ಎಂದು ಮತ್ತೆ ಮತ್ತೆ ಕೇಳಿದ. ಮಗನಿಗಿಂತ ಚಿಕ್ಕವನ ಮುಂದೆ ಕೈ ಜೋಡಿಸಿ ನಿಂತಿದ್ದೆ. ಮೀಸೆಯ ಬಗ್ಗೆ ಬರೆದದ್ದನ್ನು ಹೊಡೆದುಹಾಕಬೇಕೆಂದುಕೊಂಡೆ, ಆದರೆ ಬರೆದದ್ದು ಬರೆದ ಹಾಗೆಯೇ ನಿನಗೆ ತಲುಪಲಿ.

ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಬಾಯಿ ತೊಳೆದು, ಕೈಗೆ ಸೂಜಿ ಚುಚ್ಚಿ ಸಲೈನ್ ಏರಿಸಿದರು. ಅವನು ಸೂಜಿಗೆ ಅಳಲೂ ಇಲ್ಲ. ನನ್ನನ್ನು ಬಾಗಿಲ ಹೊರಗೆ ಕೂರಿಸಿದ್ದರು. ಕೂತಲ್ಲೇ ಕೈ ನೋಡಿಕೊಂಡೆ. ಉಗುರಿನ ಸಂದಿಯಲ್ಲೆಲ್ಲ ಆ ಕೆಂಪು ನಿಂತಿತ್ತು. ಉಣ್ಣೆಗೆ ಹಿಡಿಯದ ಬಣ್ಣ ನನ್ನ ಕೈಗೆ ಹಿಡಿದಿತ್ತು. ನಾನು ಇಷ್ಟು ಹೆದರಿದ್ದು ನಿನ್ನ ಮಾವ ಹೋದ ದಿನವೂ ಇಲ್ಲ. ಅಂದು ಆಗಬೇಕಾದದ್ದು ಆಗಿಹೋಗಿತ್ತು. ಇದು ಆಗುತ್ತಲೇ ಇತ್ತು, ಒಂದು ಬಾಗಿಲಿನಾಚೆ.

ಇವತ್ತು ಬೆಳಿಗ್ಗೆ ಬೇಗನೆ ಮನೆಗೆ ಕಳಿಸಿದರು. ವಾಂತಿ ನಿಂತಿದೆ, ಮೂತ್ರ ಸರಿಯಾಗಿ ಹೋಗುತ್ತಿದೆ. ಬಾಯೊಳಗೆ ಹುಣ್ಣಾಗಿದೆ, ನಾಲ್ಕಾರು ದಿನಕ್ಕೆ ಮಾಗುತ್ತದೆ ಎಂದರು. ಇನ್ನೂ ಒಂದು ದಿನ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಚೀಟಿ ಬರೆಯುತ್ತಾ ಕೂತರು.

ನಿನ್ನ ಗಂಡ ಎಲ್ಲ ಕೇಳಿದ ಮೇಲೆ ಅಡುಗೆಮನೆಗೆ ಹೋಗಿ ಎರಡು ಸೀಸೆಯನ್ನೂ ಖಾಲಿ ಮಾಡಿ ತೊಳೆದು ಬೋರಲು ಹಾಕಿದ. ಬೈದಿದ್ದರೆ ಎದುರು ಮಾತಾಡುವುದಕ್ಕಾದರೂ ಆಗುತ್ತಿತ್ತು. ಬಣ್ಣದ ಪಾತ್ರೆ, ಬೇರು, ಪುಡಿ ಎಲ್ಲವನ್ನೂ ನಾನೇ ಹೊರಗಿನ ಶೆಡ್ಡಿಗೆ ಸಾಗಿಸಿದೆ. ನೀನು ಹೇಳಿದ ಜಾಗಕ್ಕೇ. ಆ ಲಡಿಯನ್ನು ಮಾತ್ರ ಎಸೆದಿಲ್ಲ. ನಾಲ್ಕನೆಯ ಕಟ್ಟು ಬಿಚ್ಚಿಲ್ಲ. ನೀನು ಬಂದು ನೋಡಬೇಕು.

ಹಾಲಿನವಳ ಮನೆಗೆ ಹೋಗಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತಮ್ಮಾ ನನ್ನದು ಎಂದೆ. ಅವಳು ಬಾಗಿಲಿಗೆ ಅಡ್ಡ ನಿಂತೇ ಎಲ್ಲ ಕೇಳಿಸಿಕೊಂಡಳು. “ನಿಮ್ಮ ಮಾತಿಗೆ ಬೀದಿಯವರು ನನ್ನ ಹಾಲು ಮೂಸಿ ನೋಡಿ ತಗೊಂಡ್ರಮ್ಮಾ” ಎಂದಳು.  ಆಮೇಲೆ “ಮಗು ಹೇಗಿದೆ?” ಎಂದು ಕೇಳಿ ನನ್ನ ಜೊತೆಗೇ ಬಂದಳು. ನೀನು ಬರುವವರೆಗೆ ಹಗಲೆಲ್ಲ ಇಲ್ಲೇ ಇರಲು ಒಪ್ಪಿದ್ದಾಳೆ. ಮಗುವಿಗೆ ಕೊಡುವುದನ್ನೆಲ್ಲ ಮೊದಲು ಅವಳು ರುಚಿ ನೋಡುತ್ತಾಳೆ. ನಾನೇ ಹಾಗೆ ಹೇಳಿದ್ದೇನೆ. ಒಬ್ಬಳೇ ಆ ಮಗುವಿನ ಜೊತೆ ಇರುವುದಕ್ಕೆ ನನಗೆ ಧೈರ್ಯವಿಲ್ಲ.

ಈ ಕಾಗದವನ್ನು ನಿನ್ನ ಗಂಡನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಓದಿದ ಮೇಲೆ ನೀನು ಮಗನನ್ನು ಕರೆದುಕೊಂಡು ತಾಯಿಯ ಮನೆಗೇ ಹೋಗುತ್ತೇನೆ ಎಂದರೆ ನಾನು ಅಡ್ಡ ಬರುವುದಿಲ್ಲ. ಬರೆಯುವುದು ಸುಲಭವಾಗಿರಲಿಲ್ಲ, ಬರೆದಿದ್ದೇನೆ. ನಿನ್ನ ತಾಯಿಗೆ ನಮಸ್ಕಾರ ಹೇಳು. ಮಗಳನ್ನು ನಡುವೆಯೇ ಕರೆಸಿಕೊಳ್ಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬಾರದೆಂದು ಕೇಳಿಕೊಂಡೆ ಎನ್ನು. ಆಶೀರ್ವಾದಕ್ಕೆ ಇವತ್ತು ಕೈ ಮೇಲೇಳುತ್ತಿಲ್ಲ. ಎತ್ತಿದ್ದೇನೆ ಎಂದೇ ತಿಳಿದುಕೋ.

ನಿನ್ನ ಅತ್ತೆ

ಮರೆತಿದ್ದೆ, ನಿನ್ನ ಗಂಡ ಬಾಗಿಲಲ್ಲಿ ನಿಂತು ಬಸ್ಸಿನ ಹೊತ್ತಾಯಿತು ಎನ್ನುತ್ತಿದ್ದಾನೆ. ಈಗಷ್ಟೇ ಮಗುವಿಗೆ ತಿಳಿ ಗಂಜಿ ಕೊಟ್ಟೆ. ಹಾಲಿನವಳು ರುಚಿ ನೋಡಿದ್ದಳು, ಒಳ್ಳೆಯದೇ. ಆದರೆ ಬಾಯಿ ತುಂಬ ಹುಣ್ಣು, ಉರಿದಿರಲೇಬೇಕು. ಅವನು ನನ್ನ ಮುಖವನ್ನೇ ನೋಡುತ್ತಾ, ಮುಖ ಸಿಂಡರಿಸದೆ, ಒಂದು ಮಾತೂ ಆಡದೆ ಪೂರ್ತಿ ನುಂಗಿದ. ಕಣ್ಣಲ್ಲಿ ಮಾತ್ರ ನೀರು. ನಿನ್ನೆಯದಕ್ಕಿಂತ ಹೆಚ್ಚು ನನಗೆ ಭಯವಾಗಿರುವುದು ಇದಕ್ಕೆ. ನಾನು ಏನು ಕೊಟ್ಟರೂ ಇವನು ನುಂಗುತ್ತಾನೆ. ಬೇಗ ಬಾ ಮಗಳೇ. ಬಂದು ಅವನಿಗೆ ಬೇಡ ಎನ್ನುವುದನ್ನು ಕಲಿಸು, ಉಗುಳುವುದನ್ನು ಕಲಿಸು. ನಾನು ಕಲಿಸಲು ಹೋದರೆ ಅದನ್ನೂ ಅಪ್ಪಣೆ ಎಂದುಕೊಂಡು ನುಂಗಿಬಿಡುತ್ತಾನೆ.