ಅಮಲಿನ ಔಷಧಿ

ದಾವಣಗೆರೆ

ಪ್ರೀತಿಯ ಅಪ್ಪನಿಗೆ,

ಜೈಭೀಮ್. ನಾನು ಕಂಡುಹಿಡಿದ ಔಷಧಿಯ ಸುದ್ದಿ ಟಿವಿಯಲ್ಲಿ ಬಂದ ದಿನ ನೀವು ಫೋನ್ ಮಾಡಿ, "ಅಮಲು ಮುಟ್ಟಬಾರದು ಅಂತ ಪಂಚಶೀಲ ಕಲಿಸಿದ್ರ, ನೀ ಅದನ್ನ ತಯಾರ್ ಮಾಡಿದಿ?" ಎಂದು ಇಟ್ಟುಬಿಟ್ಟಿರಿ. ಈಗ ನನ್ನ ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಹುಡುಕುತ್ತಿದ್ದುದು ತಲೆನೋವಿನ ಮದ್ದು. ಅದರ ಪುಡಿ ಗೊತ್ತಾಗದೆ ಬೆರಳಿಗೆ ತಾಗಿ, ಲ್ಯಾಬಿನ ಬಿಳಿ ಗೋಡೆಯ ಮೇಲೆಲ್ಲ ಬಣ್ಣಗಳು ಹರಿದಾಡಿದವು. ಹೆದರಿ ಅತ್ತುಬಿಟ್ಟೆ. ಅಮಲು ಇಳಿದ ಮೇಲೆ ಮಾತ್ರ ಮನಸ್ಸು ಬಹಳ ಹಗುರವಾಗಿತ್ತು. ಈಗ ಇಲ್ಲಿನ ವೈದ್ಯರು ಅದನ್ನು ಬದುಕೇ ಬೇಡವೆನ್ನುವವರಿಗೆ, ಪಕ್ಕದಲ್ಲೇ ಕೂತು, ಕೊಟ್ಟು ನೋಡುತ್ತಿದ್ದಾರೆ.

ನಿನ್ನೆ ಹರಪನಹಳ್ಳಿಯ ಒಬ್ಬ ತಾಯಿಯನ್ನು ಕಂಡೆ. ಮಗಳು ತೀರಿಕೊಂಡ ಮೇಲೆ ಆಕೆ ಮಾತನ್ನೇ ಬಿಟ್ಟಿದ್ದರು. ಔಷಧಿ ಕೊಟ್ಟ ಮರುದಿನ ಬೆಳಿಗ್ಗೆ ಗಂಡನಿಗೆ, "ಹಸಿವಾಗೈತ್ರಿ, ಏನಾರ ತರ್ರಿ" ಅಂದರಂತೆ. ಆತ ಚಪ್ಪಲಿ ಮರೆತು ಹೋಟೆಲಿಗೆ ಓಡಿದರಂತೆ. ಹೇಳುತ್ತಾ ಇಬ್ಬರೂ ನಕ್ಕರು.

ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳುವಾಗ ಹಿಂದಿನಿಂದ ನಿಮ್ಮ ದನಿ ಕೇಳಿಸಿತು: "ಆಕಿ ಏನು ಉಂಡಳಂತ ಕೇಳು."

ಒಗ್ಗರಣೆ ಮಂಡಕ್ಕಿ, ಅಪ್ಪಾ. ಜೊತೆಗೆ ಮೆಣಸಿನಕಾಯಿ ಬಜ್ಜಿ. ಉಳಿದದ್ದನ್ನು ಭಾನುವಾರ ಬಂದು ಹೇಳುತ್ತೇನೆ. ಕೂಡ್ಲಿಗಿ ಬಸ್ ಸ್ಟ್ಯಾಂಡಿಗೆ ನೀವೇ ಬನ್ನಿ.

ನಿಮ್ಮ ಮಗಳು,
ಪ್ರಿಯಾ