ಒಡೆಯದ ಬಲೂನುಗಳು

ಅಣ್ಣಾ,

ಅಮ್ಮನಿಗೆ ಬೆಳಗಿನ ಮಾತ್ರೆ ಕೊಟ್ಟಾಗಿದೆ, ಮರೆತು ಮತ್ತೆ ಕೊಡಬೇಡ. ಅಡುಗೆ ಒಲೆಯ ಮೇಲಿದೆ. ನಿನ್ನ ಕ್ಷೌರದಂಗಡಿಯ ಬೀಗದ ಕೈ ಮೊಳೆಗೆ ಹಾಕಿದ್ದೇನೆ. ಇವತ್ತಿನಿಂದ ಕೂದಲು ನೀನೇ ಗುಡಿಸಿಕೊ.

ಬಚ್ಚಲಲ್ಲಿ ನೊರೆ ಮೆತ್ತಿದ ಬಲೂನುಗಳಿವೆ, ಬಿಸಾಡಬೇಡ, ಮೊದಲು ನೋಡು. ನೀನು ಮನೆಯಲ್ಲಿಲ್ಲದಾಗ ಅವಕ್ಕೆ ಸೋಪು ಹಚ್ಚಿ, ಕತ್ತಿಯಿಂದ ಹೆರೆದು ಕ್ಷೌರ ಕಲಿತೆ. ಮೊದಮೊದಲು ಎಲ್ಲವೂ ಒಡೆದವು. ಒಡೆದಾಗಲೆಲ್ಲ ನೀನು ಗಿರಾಕಿಗಳ ಮುಂದೆ ನಗುತ್ತಾ ಹೇಳಿದ್ದು ನೆನಪಾಗುತ್ತಿತ್ತು: "ಇವಳ ಕೈಗೆ ಕತ್ತಿ ಕೊಟ್ರೆ ಬಂದೋರು ಕಿವಿ ಇಲ್ಲೇ ಬಿಟ್ಟು ಹೋಗ್ಬೇಕಾಗುತ್ತೆ. ನೋಡಿ, ಕೈ ಹೆಂಗೆ ನಡುಗುತ್ತೆ."

ನೀನು ಹೇಳಿದ್ದು ನಿಜವೇ ಇರಬೇಕು ಅಂದುಕೊಂಡು ಅಲ್ಲೇ ಕೂತು ಅತ್ತದ್ದೂ ಉಂಟು. ಆಮೇಲೆ ನಿನ್ನ ಆ ನಗು ಕಣ್ಣ ಮುಂದೆ ಬಂದು ಮೈಯೆಲ್ಲ ಉರಿಯುತ್ತಿತ್ತು. ಮೂಗು ಒರೆಸಿಕೊಂಡು ಇನ್ನೊಂದು ಬಲೂನು ಊದುತ್ತಿದ್ದೆ. ಈಗ ಬಚ್ಚಲಲ್ಲಿರುವ ಒಂದೂ ಒಡೆದಿಲ್ಲ.

ಇವತ್ತು ನನ್ನ ಅಂಗಡಿ ಶುರು. ಎಲ್ಲಿ ಅಂತ ಹುಡುಕಬೇಡ, ನಿನ್ನ ಅಂಗಡಿ ಬಾಗಿಲು ತೆಗೆದರೆ ಎದುರಿಗೇ ಕಾಣುತ್ತದೆ. ಕಿವಿಯ ಆ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಸಿ ಕನ್ನಡಿಯ ಮೇಲೆ ಅಂಟಿಸಿದ್ದೇನೆ, ಕೆಳಗೆ ನಿನ್ನ ಹೆಸರೂ ಇದೆ. ಬಂದವರೆಲ್ಲ ಓದಲಿ, ಆಮೇಲೆ ಕಿವಿ ಮುಟ್ಟಿ ನೋಡಿಕೊಳ್ಳಲಿ.

ನಿನ್ನ ಗಡ್ಡ ಬೆಳೆದಿದೆ, ನೋಡಲಾಗುವುದಿಲ್ಲ. ಸಂಜೆ ಬಾ. ಎಲ್ಲರ ಹಾಗೆ ಬೆಂಚಿನ ಮೇಲೆ ಕಾಯಬೇಕು. ಕುರ್ಚಿಯಲ್ಲಿ ಕೂತ ಮೇಲೆ ನಗಬೇಡ, ಬಾಯಿ ಬಿಡಬೇಡ. ನನ್ನ ಕೈ ನಡುಗುತ್ತದೋ ಇಲ್ಲವೋ ಅಂತ ನಿನ್ನ ಗಂಟಲಿಗೇ ಗೊತ್ತಾಗಲಿ.

ನಿನ್ನ ತಂಗಿ