ಕಾರು ನಿನ್ನದು

ಹಿರೇಗುತ್ತಿ
19 ಜನವರಿ 2025, ಭಾನುವಾರ

ಪ್ರೀತಿಯ ವಿನೋದ,

ನಾನು, ಮಗಳು ಇಬ್ಬರೂ ಆರಾಮ. ನೀನು, ಅತ್ತೆ, ಮೇಲಿನ ಕೋಣೆಯಲ್ಲಿರುವ ನಮ್ಮ ಕಂಪ್ಯೂಟರ್ ರೇಸಿನ ಕುರ್ಚಿ, ಸ್ಟೀರಿಂಗು, ಪೆಡಲು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಡವಾಯಿತು, ಬೈಯಬೇಡ. ನಿನ್ನ ಮೆಸೇಜುಗಳೆಲ್ಲ ಫೋನಿನ ಸಮೇತ ಅಮ್ಮನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿವೆ. ಹೊನ್ನಾವರದಲ್ಲಿರುವ ಗಂಡನಿಗೆ ಹಿರೇಗುತ್ತಿಯಿಂದ ಹೆಂಡತಿ ಕಾಗದ ಬರೆಯುವ ಕಾಲ ಮತ್ತೆ ಬಂತು ನೋಡು! ಇದನ್ನೂ ಕದ್ದೇ ಬರೆಯುತ್ತಿದ್ದೇನೆ. ಓದಿದರೂ ಬರೆದರೂ ಬಾಣಂತಿಯ ಕಣ್ಣು ಹೋಗುತ್ತದಂತೆ. ಬಾಣಂತನ ನೋಡಿಕೊಳ್ಳುವ ಹನುಮಕ್ಕಜ್ಜಿ ಊಟ ಮಾಡಿ ಒಂದು ನಿದ್ದೆ ತೆಗೆಯುವ ಹೊತ್ತಿಗೆ ಕಿಟಕಿಯ ಸಂದಿಯ ಬೆಳಕಿನಲ್ಲಿ ನಾಲ್ಕು ಸಾಲು ಬರೆದು ಹಾಸಿಗೆಯ ಅಡಿಗೆ ತುರುಕುತ್ತೇನೆ.

ಮಗಳ ಸುದ್ದಿ ಮೊದಲು. ಮೂಗು ನಿನ್ನದೇ, ಪಾಪ. ಸಿಟ್ಟು ನನ್ನದು. ಹಾಲು ಸ್ವಲ್ಪ ತಡವಾದರೆ ಊರಿಗೆಲ್ಲ ಕೇಳಿಸುವಂತೆ ಕೂಗುತ್ತಾಳೆ, ಹೊಟ್ಟೆ ತುಂಬಿದ ಕೂಡಲೇ ಎಂತದೂ ಆಗಲಿಲ್ಲವೆಂಬಂತೆ ಮಲಗುತ್ತಾಳೆ. ಕಾಲಿನಲ್ಲಿ ಸದಾ ಒದೆಯುತ್ತಿರುತ್ತಾಳೆ. ಬಲಗಾಲೇ ಜಾಸ್ತಿ. ಬ್ರೇಕಿಗಿಂತ ಆಕ್ಸಿಲರೇಟರ್ ಮೇಲೇ ಪ್ರೀತಿ ಇವಳಿಗೆ.

ಇನ್ನು ನನ್ನ ಕೋಣೆ. ನಿನಗೆ ಮಗುವಿನ ಹನ್ನೆರಡನೆಯ ದಿನದ ಶಾಸ್ತ್ರಕ್ಕೆ ಬಂದಾಗ ಬಾಗಿಲಿನ ಹೊರಗೆ ನಿಂತು ನೋಡಿದ್ದಷ್ಟೇ ಗೊತ್ತು. ಒಳಗೆ ಕೂತವಳಿಗೆ ಬೇರೆಯೇ. ಕಿಟಕಿಗೆ ಹಳೆಯ ಕಂಬಳಿ. ಮಂಚದ ಅಡಿಯಲ್ಲಿ ಕೆಂಡ. ಕಿವಿಗೆ ಅರಳೆ, ತಲೆಗೆ ವಸ್ತ್ರ, ಹೊಟ್ಟೆಗೆ ಅಜ್ಜಿಯ ಹಳೆಯ ಸೀರೆಯನ್ನು ಇಬ್ಬರು ಜಗ್ಗಿ ಕಟ್ಟುತ್ತಾರೆ. ರೇಸಿನ ಬೆಲ್ಟೂ ಇಷ್ಟು ಬಿಗಿ ಇರಲಿಕ್ಕಿಲ್ಲ. ಕುಡಿಯಲು ನೀರು ಕೇಳಿದರೆ ಕಷಾಯ ಕೊಡುತ್ತಾರೆ, ಅದೂ ಗುಟುಕಿನ ಲೆಕ್ಕದಲ್ಲಿ. ಹೊರಗೆ ಹೈವೇಯಲ್ಲಿ ಲಾರಿಗಳು ಹೋಗುತ್ತವೆ. ಗೇರು ಇಳಿಸಿದ ಸದ್ದು ಕೇಳಿ, ಕುಮಟಾ ಕಡೆಯವನೋ ಅಂಕೋಲಾ ಕಡೆಯವನೋ ಎಂದು ಹೇಳುವಷ್ಟು ಪಳಗಿದ್ದೇನೆ. ಎಲ್ಲರೂ ಹೋಗುತ್ತಾರೆ ವಿನೋದ, ನಾನೊಬ್ಬಳು ಇಲ್ಲೇ. ಉಸಿರು ಕಟ್ಟುತ್ತದೆ ಎಂದರೆ ಅಜ್ಜಿ, "ಹಸಿ ಮೈ ತಂಗಿ, ಗಾಳಿ ಹೊಕ್ಕಿರೆ ಮುಪ್ಪಿನಲ್ಲಿ ಗೊತ್ತಾತದೆ," ಅನ್ನುತ್ತಾಳೆ. ಮುಪ್ಪಿನವರೆಗೆ ಬದುಕಬೇಕಲ್ಲ ಮೊದಲು!

ಅಜ್ಜಿಯ ಮೇಲೆ ದೂರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ರಾತ್ರಿ ಮಗು ಅತ್ತರೆ ನನಗಿಂತ ಮೊದಲು ಏಳುವವಳು ಅವಳೇ. ಮೊನ್ನೆ ನಮ್ಮ ಕಂಪ್ಯೂಟರಿನ ರೇಸಿನ ಬಗ್ಗೆ ಅವಳಿಗೆ ವಿವರಿಸಿದೆ. ಹನ್ನೆರಡು ತಾಸು ಕಾರು ಓಡುತ್ತಲೇ ಇರಬೇಕು, ಓಡಿಸುವವರು ಮಾತ್ರ ಬದಲಾಗುತ್ತಾರೆ ಅಂದೆ.

"ಅಷ್ಟೊತ್ತು ಓಡಿ ಎಲ್ಲಿಗೆ ಹೋತದೆ ಅದು?"

"ಎಲ್ಲಿಗೂ ಇಲ್ಲ ಅಜ್ಜಿ. ಸುತ್ತು ಬಂದು ಮತ್ತೆ ಅಲ್ಲಿಗೇ."

"ಗಾಣದ ಎತ್ತು ಇದ್ದಾಂಗೆ ಆತು. ಅದಕ್ಕೆ ಬಹುಮಾನ ಬೇರೆ ಕೊಡ್ತ್ರಾ?"

ಕೊಡುತ್ತಾರೆ ಎಂದೆ. ಆ ಬಹುಮಾನವೇ ಈಗ ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿದೆ. ಏಳು ತಿಂಗಳ ಹೊಟ್ಟೆ ಸ್ಟೀರಿಂಗಿಗೆ ತಾಗುತ್ತಿತ್ತು, ಆದರೂ ಗೆದ್ದೆವಲ್ಲ. ನೀನು, ನಾನು, ಭಟ್ಕಳದ ತನ್ನ ಮನೆಯಲ್ಲಿ ಕೂತು ಪೆಟ್ರೋಲು, ಟೈರಿನ ಲೆಕ್ಕ ಕಿವಿಗೆ ಹೇಳುತ್ತಿದ್ದ ಪವಿತ್ರಾ. ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿದವರಿಗೆ ಕೊಯಮತ್ತೂರಿನ ನಿಜವಾದ ಟ್ರ್ಯಾಕಿನಲ್ಲಿ, ನಿಜವಾದ ನಾಲ್ಕು ತಾಸಿನ ರೇಸಿನಲ್ಲಿ, ಒಂದು ಸೀಟು. ಅದು ನನ್ನದು ಎಂದು ಗೊತ್ತಾದಾಗ ನೀನೇ ಕುಣಿದೆ. ಅವಳು ಬರದಿದ್ದರೆ ಆ ಸೀಟು ಎರಡನೆಯವರಾದ ನಿಮಗೆ ಎಂದು ರೇಸು ನಡೆಸುವವರು ಅಂದಾಗ, "ಮಾರಾಯ್ರೇ, ಅವಳು ಬಾರದೇ ಇರೋದುಂಟಾ?" ಎಂದು ನೀನು ನಕ್ಕೆ. ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡು, "ನೀ ಓಡಿಸು, ಕಾರು ನಿಲ್ಸೋ ಪಿಟ್ಟಲ್ಲಿ ಇವಳನ್ನ ನಾ ಹಿಡ್ಕಂಡಿರ್ತೆ," ಅಂದವನೂ ನೀನೇ. ಹೆರಿಗೆಯ ನೋವೆಲ್ಲ ಆ ಒಂದು ಮಾತಿಗೆ ಮರೆತೆ ಅಂದರೆ ಸುಳ್ಳಾಗುತ್ತದೆ, ಅರ್ಧ ಮರೆತೆ.

ರೇಸು ಮಾರ್ಚಿನಲ್ಲಿ. ಕುಮಟಾದ ಡಾಕ್ಟರಮ್ಮ ಅಷ್ಟೊತ್ತಿಗೆ ಧಾರಾಳವಾಗಿ ಕಾರು ಓಡಿಸಬಹುದು ಎಂದಿದ್ದಾರೆ. ಬರುತ್ತೇವೆಂದು ಈ ತಿಂಗಳೊಳಗೆ ನಾವು ಹೇಳಬೇಕು, ಅಷ್ಟೇ. ಆದರೆ ಅದಕ್ಕೂ ಮೊದಲು ಒಂದು ಎಡವಟ್ಟಾಗಿದೆ, ಅದನ್ನು ಬಿಡಿಸಲು ನಿನ್ನಿಂದ ಮಾತ್ರ ಸಾಧ್ಯ. ಅಮ್ಮ ನಿನಗೆ ಫೋನು ಮಾಡಿದ್ದಾಳೆಂದು ಗೊತ್ತು. ನಡೆದದ್ದು ಎಂತ ಎಂದು ನನ್ನ ಬಾಯಿಂದ ಕೇಳು.

ಕೈಗೆ ಸ್ಟೀರಿಂಗ್ ಇಲ್ಲ, ಕಣ್ಣಿಗೆ ಪರದೆ ಇಲ್ಲ. ಹಾಗಾಗಿ ಮಗು ಮಲಗಿದಾಗ, ಆರತಿಯ ಹಿತ್ತಾಳೆ ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದು, ಮಂಚದ ಪಟ್ಟಿಗೆ ಕಾಲು ಕೊಟ್ಟು, ಕಣ್ಣು ಮುಚ್ಚಿ ಕೊಯಮತ್ತೂರಿನ ಟ್ರ್ಯಾಕನ್ನು ಸುತ್ತುತ್ತಿದ್ದೆ. ತಿರುವು ತಿರುವಿಗೂ ಬಾಯಲ್ಲಿ ಹೇಳಿಕೊಂಡು, ನೀನು ಹೇಳಿಕೊಟ್ಟ ಹಾಗೆಯೇ. "ಬಲ, ಮೂರನೇ ಗೇರು, ಈಗ ಬ್ರೇಕು, ಬಿಡು, ಬಿಡು." ಮೈ ಬೆವರಿ, ತಲೆಯ ವಸ್ತ್ರ ಬಿಚ್ಚಿ ಬಿದ್ದಿತ್ತಂತೆ. ನನಗೆ ಎಲ್ಲಿ ಗೊತ್ತಾಗಬೇಕು, ನಾನು ನೇರ ರಸ್ತೆಯಲ್ಲಿದ್ದೆ. ಬಾಗಿಲಲ್ಲಿ ಅಜ್ಜಿಯ ಕೈಯಿಂದ ಬಟ್ಟಲು ಬಿತ್ತು.

"ಸರೋಜಾ, ಓಡಿ ಬಾರೇ! ಹುಡ್ಗಿಗೆ ಸನ್ನಿ ಹಿಡದದೆ!"

ಅಮ್ಮ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. "ಯಾರ ಹತ್ರ ಮಾತಾಡ್ತಿದ್ದೇ ತಂಗಿ?"

ನಾನಿನ್ನೂ ಅರ್ಧ ಟ್ರ್ಯಾಕಿನಲ್ಲೇ ಇದ್ದೆ. "ಪವಿತ್ರಾ ಹತ್ರ," ಅಂದುಬಿಟ್ಟೆ.

ಮುಗಿಯಿತು. ಭಟ್ಕಳದಲ್ಲಿರುವ ಪವಿತ್ರಾಳ ಹತ್ತಿರ ಹಿರೇಗುತ್ತಿಯ ಮಂಚದ ಮೇಲೆ ಹರಿವಾಣ ಹಿಡಿದು ಮಾತಾಡುವ ಬಾಣಂತಿಗೆ ಸನ್ನಿಯಲ್ಲದೆ ಇನ್ನೆಂತ! ಮೆಣಸು, ಉಪ್ಪು ನಿವಾಳಿಸಿದರು. ದಿಂಬಿನ ಅಡಿಗೆ ಕತ್ತಿ ಬಂತು. ಹೊರಗಿನಿಂದ ಚಿಲಕ ಬಿತ್ತು. ಹಾಲು ಕುಡಿಸಲು ಮಾತ್ರ ಮಗುವನ್ನು ತಂದು ಕೊಟ್ಟು, ಕುಡಿಯುವಷ್ಟು ಹೊತ್ತೂ ಅಜ್ಜಿ ನನ್ನ ಕೈಯನ್ನೇ ನೋಡುತ್ತ ಕೂರುತ್ತಾಳೆ, ನಾನು ಎಂತದಾದರೂ ಮಾಡಿಬಿಡುತ್ತೇನೋ ಎಂದು. ಅದು ನನಗೆ ಸಹಿಸಲಾಗುವುದಿಲ್ಲ. ಮೊನ್ನೆ ಸಿಟ್ಟು ಬಂದು ಕೂಗಿದೆ. ಸನ್ನಿ ಜೋರಾಯಿತು ಅಂದರು. ಅಳು ಬಂತು, ಅತ್ತುಬಿಟ್ಟೆ. ಅದೂ ಸನ್ನಿ. ನನಗೇ ನಗು ಬಂದು ನಕ್ಕುಬಿಟ್ಟೆ ನೋಡು, ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದಳು. ಈಗ ಎಂತದೂ ಮಾಡದೆ ಗೋಡೆ ನೋಡುತ್ತ ಕೂರುತ್ತೇನೆ. ಮಂಕಾಗಿದ್ದಾಳೆ, ಅದೂ ಸನ್ನಿಯ ಲಕ್ಷಣವೇ ಅಂತೆ.

ನಾನು ಹೇಳಿದ ಯಾವ ಮಾತೂ ಇಲ್ಲಿ ನಡೆಯುವುದಿಲ್ಲ ವಿನೋದ. ನಿನ್ನ ಮಾತು ನಡೆಯುತ್ತದೆ. ಅಮ್ಮನ ಎದುರು ನಿನ್ನನ್ನು ನಾನು 'ಅವರು' ಅನ್ನುತ್ತೇನಲ್ಲ, ಆ ಅವರು ಒಮ್ಮೆ ಬಂದು ಜಗಲಿಯಲ್ಲಿ ಕೂತು, "ಅತ್ತೆ, ಅದು ಸನ್ನಿ ಅಲ್ಲ, ರೇಸಿನವರೆಲ್ಲ ಹಾಂಗೇ ಅಭ್ಯಾಸ ಮಾಡೂದು," ಎಂದರೆ ಸಾಕು. ಬೇಕಾದರೆ ನೀನೂ ಒಂದು ಹರಿವಾಣ ಹಿಡಿದು ತೋರಿಸು. ಅಂಗಡಿಯಲ್ಲಿ ಕೆಲಸ ಜಾಸ್ತಿ ಇರಬೇಕು, ಇಲ್ಲದಿದ್ದರೆ ನೀನು ಇಷ್ಟರೊಳಗೆ ಬರುತ್ತಿದ್ದೆ. ಈ ಭಾನುವಾರವೂ ಬೈಕಿನ ಸದ್ದು ಬರುತ್ತದೇನೋ ಎಂದು ಬೆಳಗ್ಗಿನಿಂದ ಕಿವಿಯ ಅರಳೆ ತೆಗೆದಿಟ್ಟು ಕೂತಿದ್ದೆ. ಮುಂದಿನ ವಾರವಾದರೂ ಬಾ.

ನಮ್ಮ ಮೊದಲ ರೇಸು ನೆನಪಿದೆಯಾ? ನಾನು ಕುರ್ಚಿಯಿಂದ ಪೂರ್ತಿ ಏಳುವ ಮೊದಲೇ ನೀನು ಸ್ಟೀರಿಂಗಿಗೆ ಕೈ ಹಾಕಿ ಕಾರನ್ನು ಸೀದಾ ಗೋಡೆಗೆ ಗುದ್ದಿಸಿದೆ. ಆವತ್ತು ಒಂದು ಕಟ್ಟಳೆ ಮಾಡಿಕೊಂಡೆವು. ಎದ್ದವರು "ಕಾರು ನಿನ್ನದು" ಅನ್ನಬೇಕು, ಆ ಮಾತು ಬೀಳುವವರೆಗೆ ಇನ್ನೊಬ್ಬರು ಮುಟ್ಟಬಾರದು. ಆಮೇಲೆ ನಾವು ಒಮ್ಮೆಯೂ ಗುದ್ದಿಲ್ಲ. ಮದುವೆಗೆ ಜಾತಕಕ್ಕಿಂತ ನನಗೆ ಆ ಮಾತೇ ಧೈರ್ಯ ಕೊಟ್ಟದ್ದು.

ಬಾಗಿಲ ಆಚೆ ಅಜ್ಜಿ ಮಗ್ಗುಲು ಬದಲಿಸುತ್ತಿದ್ದಾಳೆ, ನಿಲ್ಲಿಸುತ್ತೇನೆ. ಅತ್ತೆಗೆ ನಮಸ್ಕಾರ ಹೇಳು. ನಿನಗೆ ನಿನ್ನ ಮಗಳ ಬಲಗಾಲಿನ ಒಂದು ಒದೆ, ಅದೇ ಆಶೀರ್ವಾದ ಎಂದು ತಲೆಯ ಮೇಲಿಟ್ಟುಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ದಾರಿ ನೋಡುತ್ತಿರುವ,
ಅರ್ಚಿತಾ

ತಾ.ಕ.: ಬುಧವಾರ. ಇವತ್ತು ಪವಿತ್ರಾ ಮಗುವನ್ನು ನೋಡಲು ಬಂದಳು. ನನ್ನ ಕೈ ಹಿಡಿದು, ಚಿಕ್ಕ ಮಕ್ಕಳನ್ನು ಕೇಳುವ ಹಾಗೆ, "ನಾ ಯಾರು ಗೊತ್ತಾತಾ?" ಅಂದಳು. ನಾನು ಗಟ್ಟಿಯಾಗಿ ಬೈದ ಮೇಲೆ ಅವಳಿಗೆ ಜೀವ ಬಂತು. ಆಮೇಲೆ ಅವಳು ಹೇಳಿದ್ದನ್ನೆಲ್ಲ ಕೇಳಿದೆ. ಅಮ್ಮ ಫೋನು ಮಾಡಿದ ಮರುದಿನವೇ, ಅರ್ಚಿತಾಳಿಗೆ ತಲೆ ಸರಿಯಿಲ್ಲ, ಬರಲಾಗುವುದಿಲ್ಲ ಎಂದು ಕೊಯಮತ್ತೂರಿನವರಿಗೆ ನೀನು ಹೇಳಿದೆಯಂತೆ. ಸೀಟಿಗೆ ನಿನ್ನ ಹೆಸರು ಸೇರಿದೆಯಂತೆ. ರೇಸಿನ ಅಂಗಿಗೆ ಅಳತೆಯೂ ಕೊಟ್ಟಾಯಿತಂತೆ.

ಅಳಲೂ ಆಗುತ್ತಿಲ್ಲ, ಅಜ್ಜಿ ಬಾಗಿಲ ಆಚೆಗೇ ಕೂತಿದ್ದಾಳೆ. ಅಜ್ಜಿ ಹೆದರಿದಳು, ಅವಳಿಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಸುತ್ತು ಹಾಕುವುದನ್ನು ನನಗೆ ಕಲಿಸಿದವನು ನೀನು. ಮದುವೆಯಾದ ಹೊಸತರಲ್ಲಿ ಅತ್ತೆಯ ಊಟದ ತಟ್ಟೆ ಹಿಡಿದು, ನನ್ನ ಪಕ್ಕ ಹಾಸಿಗೆಯ ಮೇಲೆ ಕೂತು ಕಲಿಸಿದೆ. ಅಮ್ಮ ಹರಿವಾಣ ಅಂದ ಕೂಡಲೇ ನಿನಗೆ ಅರ್ಥವಾಗಿತ್ತು. ನೀನು ಫೋನಿನಲ್ಲೇ ನಕ್ಕುಬಿಟ್ಟಿದ್ದರೂ ಆ ಹೊತ್ತಿಗೇ ಈ ಚಿಲಕ ತೆಗೆಯುತ್ತಿದ್ದರು. ನೀನು ನಗಲಿಲ್ಲ.

ಈ ಕಾಗದವನ್ನು ಪವಿತ್ರಾ ಹೊನ್ನಾವರದಲ್ಲಿ ಇಳಿದು ನಿನ್ನ ಕೈಗೇ ಕೊಡುತ್ತಾಳೆ. ನಾನಿನ್ನೂ ಕುರ್ಚಿಯಿಂದ ಎದ್ದಿಲ್ಲ, ವಿನೋದ. ಆ ಮಾತನ್ನು ನಾನು ಹೇಳಿಲ್ಲ.